ಬಿಳಿ ನಕ್ಷೆ

ಒಂದು ಮರವನ್ನಾದರೂ ನಿಜವಾಗಿ ಗುರುತು ಹಾಕಿಬಿಡಬೇಕು ಎಂದುಕೊಂಡು ಸಮದ್ ಸಾಹೇಬರು ಬೆಳಿಗ್ಗೆ ಏಳೂವರೆಗೆಲ್ಲ ಚನ್ನಪಟ್ಟಣದ ಮನೆಯಿಂದ ಮೊಪೆಡ್ ಹೊರಡಿಸಿದರು. ಹೆಚ್ಚು ಬೇಡ, ಒಂದೇ ಒಂದು. ಎಂಟು ವರ್ಷದಲ್ಲಿ ಮುನ್ನೂರಕ್ಕೂ ಮಿಕ್ಕಿ ಚುಕ್ಕಿಗಳನ್ನು ನುಂಗಿರುವ ಆ ಯಂತ್ರದೊಳಗೆ ಒಂದಾದರೂ ಸಾಚಾ ಚುಕ್ಕಿ ಇದ್ದರೆ, ಹನ್ನೊಂದು ಗಂಟೆಗೆ ಅಳಿಯನ ಅಂಗಡಿಯಲ್ಲಿ ಕೂತಾಗ ಅದರ ಕಡೆ ಬೆರಳು ಮಾಡಿ, ನೋಡಪ್ಪ ಅಲ್ಲಿದೆ ಎನ್ನಬಹುದು. ಯಂತ್ರ ಹೆಗಲ ಚೀಲದಲ್ಲಿತ್ತು. ಹಳದಿ ಬಣ್ಣದ್ದು, ಮುಷ್ಟಿಗಿಂತ ಸ್ವಲ್ಪ ದಪ್ಪ. ಆಕಾಶದ ಉಪಗ್ರಹಗಳನ್ನು ವಿಚಾರಿಸಿ ತಾನು ನಿಂತ ಜಾಗ ಇಂಥದ್ದೆಂದು ಹೇಳುವ ಜಿಪಿಎಸ್ಸು. ಗುಂಡಿ ಒತ್ತಿದರೆ ಆ ಜಾಗ ಅದರೊಳಗೆ ಉಳಿದುಬಿಡುತ್ತದೆ. ಹೊರಡುವಾಗ ಹೆಂಡತಿ ತಾಹೇರಾ ಬಾಗಿಲಿಗೆ ಬಂದು, "ಅತೀಕ್ ಹನ್ನೊಂದಕ್ಕೆ ಬರೋಕೆ ಹೇಳಿದಾನೆ, ಮರೀಬೇಡಿ. ಆರು ತಿಂಗಳಿಂದ ನಿಮಗೋಸ್ಕರ ಒದ್ದಾಡ್ತಾ ಇದಾನೆ ಪಾಪ" ಎಂದಿದ್ದರು. ನಿಮಗೋಸ್ಕರ ಎಂಬ ಆ ಒಂದು ಮಾತು ಸಾಹೇಬರ ಜೊತೆಗೇ ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿತ್ತು.

ಕೆಂಗಲ್ ಬಂದಾಗ ಗಾಡಿ ನಿಲ್ಲಿಸಿದರು. ನಿಲ್ಲಿಸುವ ಕೆಲಸವೇನೂ ಇರಲಿಲ್ಲ, ಕೈ ತಾನಾಗಿ ಬ್ರೇಕ್ ಹಿಡಿಯಿತು. ದೇವಸ್ಥಾನದ ಎದುರು, ಬಸ್ಸುಗಳು ನಿಲ್ಲುವ ನೆರಳಿನಲ್ಲಿ ಎಳನೀರಿನವನು ಆಗಲೇ ಗೊನೆ ಇಳಿಸುತ್ತಿದ್ದ. ಇಲ್ಲೇ ಹನ್ನೆರಡೋ ಹದಿಮೂರೋ ಚುಕ್ಕಿ ಒತ್ತಿರಬೇಕು, ಎಂದು ಲೆಕ್ಕ ಹಾಕಿದರು. ಈ ಕಲ್ಲಿನ ಮೇಲೆ ಕೂತು, ಬೀಡಿ ಹಚ್ಚಿಕೊಂಡು, ಚೀಲದೊಳಗೇ ಕೈ ಬಿಟ್ಟು, ಪರೀಕ್ಷೆಯಲ್ಲಿ ಚೀಟಿ ನೋಡುವ ಹುಡುಗನ ಹಾಗೆ. ಅರವತ್ತು ದಾಟಿದ ಮನುಷ್ಯ, ಐದು ಹೊತ್ತು ನಮಾಜು ತಪ್ಪಿಸದವನು, ನಾಲ್ಕು ತಾಲ್ಲೂಕಿನ ರೈತರು ಸಮದಣ್ಣ ಎಂದು ಚಾಪೆ ಹಾಸುವಂಥವನು. ಅವರಿಗೆ ತಮ್ಮ ಮೇಲೆ ನಗುವೂ ಬಂತು, ಸಿಟ್ಟೂ ಬಂತು, ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯಲಿಲ್ಲ.

ಅವರ ಕಸುಬು ಆಲೆ ಮರದ ವ್ಯಾಪಾರ. ಚನ್ನಪಟ್ಟಣದ ಬೊಂಬೆಗೆ ಬೇಕಾದ ಬಿಳಿ, ಮೆತ್ತನೆ ಮರ. ಅದು ತೋಪಿನಲ್ಲಿ ಬೆಳೆಯುವುದಿಲ್ಲ, ಯಾರೂ ನೆಡುವುದಿಲ್ಲ; ಯಾರದೋ ಹೊಲದ ಬದುವಿನಲ್ಲಿ ಒಂದು, ಇನ್ಯಾರದೋ ಬೇಲಿಯಲ್ಲಿ ಇನ್ನೊಂದು ತಾನಾಗಿ ಎದ್ದಿರುತ್ತದೆ. ಸಾಹೇಬರು ಅದನ್ನು ಸಸಿಯಾಗಿದ್ದಾಗಲೇ ನೋಡಿ, ಇದು ನನಗಿರಲಿ ಎನ್ನುತ್ತಾರೆ. ಹೊಲದವನು ಆಗಲಿ ಎನ್ನುತ್ತಾನೆ. ಅಷ್ಟೇ. ಕಾಗದವಿಲ್ಲ, ಗುರುತಿಲ್ಲ, ಮರದ ಮೇಲೆ ಬಣ್ಣದ ಒಂದು ಗೀರೂ ಇಲ್ಲ. ಆಮೇಲೆ ವರ್ಷಕ್ಕೊಮ್ಮೆ ಹೋಗಿ ತೊಗಟೆಯನ್ನು ಉಗುರಿನಿಂದ ಗೀರಿ, ಹಾಲು ಎಷ್ಟು ಬೇಗ ಒಸರುತ್ತದೆ ನೋಡಿ, ಮನೆಯವರ ಕ್ಷೇಮ ಕೇಳಿ ಬರುವುದು. ಕಡಿದ ಬುಡದಿಂದಲೂ ಮತ್ತೆ ಚಿಗುರು ಏಳುತ್ತದೆ, ಮಾತೂ ಅದರ ಜೊತೆಗೇ ಮುಂದುವರಿಯುತ್ತದೆ. ರಾಮನಗರ, ಮಾಗಡಿ, ಕನಕಪುರದ ಕಡೆಯ ಅಷ್ಟೂ ಮರಗಳು ಅವರ ತಲೆಯಲ್ಲಿದ್ದವು, ಒಂದೂ ತಪ್ಪಿರಲಿಲ್ಲ. ಯಂತ್ರದ ಅಗತ್ಯವೇ ಅವರಿಗೆ ಯಾವತ್ತೂ ಇರಲಿಲ್ಲ ಎಂಬುದೇ ಈ ಕಥೆಯ ಕಷ್ಟ.

ಅಗತ್ಯವಿದ್ದದ್ದು ಬೇರೆ. ಮಗಳು ಅಸ್ರಾಳ ಮದುವೆಯ ಮಾತು ನಡೆದಾಗ ಹುಡುಗನ ಕಸುಬು ಏನು ಎಂದು ಕೇಳಿದ ಸಾಹೇಬರು, ಕಂಪ್ಯೂಟರ್ ಅಂಗಡಿ ಎಂಬ ಉತ್ತರಕ್ಕೆ, "ಗುಂಡಿ ಒತ್ತೋದೂ ಒಂದು ಕಸುಬೇನ್ರೀ?" ಎಂದುಬಿಟ್ಟಿದ್ದರು. ತಮಾಷೆಗೆ ಅಂದದ್ದು ಎಂದು ಆಮೇಲೆ ಎಷ್ಟು ಸಲ ತಮಗೆ ತಾವೇ ಹೇಳಿಕೊಂಡರೂ ತಮಾಷೆಗೆ ಅಂದಿರಲಿಲ್ಲ. ಅಂದು ತಲೆ ಎತ್ತಿದರೆ, ಹೊರಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದ್ದ ಹುಡುಗ ಬಗ್ಗಿಯೇ ಇದ್ದ. ಒಂದು ಚಪ್ಪಲಿ ಬಿಡಲು ಅಷ್ಟು ಹೊತ್ತು ಬೇಡ. ಒಳಗೆ ಬಂದು ಕೂತ, ನಕ್ಕ, ಚಹಾ ಕುಡಿದ, ಏನೂ ಕೇಳದವನ ಹಾಗೆ. ಮದುವೆಯಾಯಿತು. ಅಸ್ರಾ ಸುಖವಾಗಿದ್ದಳು. ವರ್ಷ ತಿರುಗಿದ ಮೇಲೆ ಒಂದು ಶುಕ್ರವಾರ ಅತೀಕ್ ಈ ಹಳದಿ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಬೆಂಗಳೂರಿನಲ್ಲಿ ರಸ್ತೆ ಸರ್ವೆಯ ಆಫೀಸೊಂದು ಮುಚ್ಚುವಾಗ ಹುಡುಕಿಕೊಂಡು ಹೋಗಿ ತಂದಿದ್ದ, ಜೊತೆಗೆ ಅದರ ನಕ್ಷೆಯ ಸಾಫ್ಟ್‌ವೇರಿನ ಸಿಡಿ. "ಮಾಮು, ನೀವು ಮರದ ಹತ್ತಿರ ನಿಂತು ಇದೊಂದು ಒತ್ತಿ ಸಾಕು. ಉಳಿದದ್ದು ನಾನು ನೋಡ್ಕೊತೀನಿ" ಎಂದ. ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಸಾಹೇಬರು ಹುಡುಕಿದರು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಚಿಕ್ಕಲಕ್ಷ್ಮಮ್ಮನ ರಾಗಿ ಹೊಲದ ಬದುವಿನಲ್ಲಿ ನಿಂತು, ಯಂತ್ರವನ್ನು ಆಕಾಶಕ್ಕೆ ಹಿಡಿದು, ಅದು ಉಪಗ್ರಹಗಳನ್ನು ಹುಡುಕಿಕೊಳ್ಳಲಿ ಎಂದು ಕಾಯುತ್ತಿದ್ದಾಗ ಆಕೆ ಕುಡುಗೋಲು ಕೆಳಗಿಟ್ಟು ಬಂದು ಮರಕ್ಕೂ ಅವರಿಗೂ ನಡುವೆ ನಿಂತಿದ್ದಳು. "ನೀನೂ ಅವರ ಕಡೆ ಸೇರ್ಕಂಡ್ಯಾ ಸಮದಣ್ಣ?" ಎಂದಳು. ಯಾರ ಕಡೆ ಎಂದು ಅವರಿಗೆ ಆ ಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು: ಹೆದ್ದಾರಿಯ ಎರಡೂ ಬದಿಗೆ ಕಾರ್ಖಾನೆಗಳು ಎದ್ದದ್ದು ಹೀಗೆಯೇ. ಮೊದಲು ಟೋಪಿ ಹಾಕಿದವರು ಬಂದು ಇಂಥದೊಂದು ಡಬ್ಬ ಹಿಡಿದು ಹೊಲದಲ್ಲಿ ನಿಲ್ಲುತ್ತಾರೆ, ಯಾರನ್ನೂ ಮಾತಾಡಿಸದೆ ಹೋಗುತ್ತಾರೆ, ಆರು ತಿಂಗಳಿಗೆ ನೋಟೀಸು ಬರುತ್ತದೆ. ಆಕೆ ಅವತ್ತು ಮಜ್ಜಿಗೆ ಕೊಟ್ಟಳು, ಆದರೆ ಕೂರು ಎನ್ನಲಿಲ್ಲ. ಮೂವತ್ತು ವರ್ಷದಲ್ಲಿ ಅವರು ಒಂದು ಹೊಲದಲ್ಲಿ ನಿಂತೇ ಮಜ್ಜಿಗೆ ಕುಡಿದದ್ದು ಅದೊಂದೇ ಸಲ. ಅಂದಿನಿಂದ ಯಂತ್ರ ಯಾವ ಹೊಲದಲ್ಲೂ ಚೀಲದಿಂದ ಹೊರಬರಲಿಲ್ಲ.

ಹಾಗೆಂದು ಅಳಿಯನಿಗೆ ಹೇಳುವುದು ಹೇಗೆ? ತಿಂಗಳ ಮೊದಲ ಶುಕ್ರವಾರ ಯಂತ್ರ ತಂದುಕೊಡಿ, ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ ಎಂದು ಅವನು ಕಾದು ಕೂತಿರುತ್ತಿದ್ದ. ಖಾಲಿ ಕೊಟ್ಟರೆ, ನಿನ್ನ ಗುಂಡಿ ನನಗೆ ಬೇಡ ಎಂದು ಎರಡನೇ ಸಲ ಹೇಳಿದ ಹಾಗೆ. ಅದಕ್ಕೇ ಕೆಂಗಲ್ಲಿನಲ್ಲಿ ಒತ್ತಿದರು, ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಒತ್ತಿದರು, ಕೈಲಾಂಚದ ಗೇಟಿನಲ್ಲಿ ಮುನಿಯಮ್ಮನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಲೋಟ ಖಾಲಿಯಾಗುವಷ್ಟರಲ್ಲಿ ಮೂರು ಒತ್ತಿದರು. ಹಳೇ ಸಾಫ್ಟ್‌ವೇರು ಅವರನ್ನು ಕಾಪಾಡಿತು. ಎಲ್ಲೋ ದೂರದೇಶದವರು ಮಾಡಿದ ಆ ನಕ್ಷೆಯಲ್ಲಿ ಬೆಂಗಳೂರು–ಮೈಸೂರು ರಸ್ತೆಯದೊಂದು ಕೆಂಪು ಗೆರೆ, ರೈಲು ಹಳಿಯದೊಂದು ಕಪ್ಪು ಗೆರೆ, ನಾಲ್ಕೈದು ಊರಿನ ಹೆಸರು, ಉಳಿದದ್ದೆಲ್ಲ ಬಿಳಿ. ಬಿಳಿಯ ಮೇಲೆ ಬಿದ್ದ ಹಸಿರು ಚುಕ್ಕಿ ಮರವಲ್ಲ ಎಂದು ಯಾರು ಹೇಳಬೇಕು? ಅತೀಕ್ ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದ್ದ. ಝೆರಾಕ್ಸಿಗೆ ಬಂದವರಿಗೆಲ್ಲ ತೋರಿಸುತ್ತಿದ್ದ: ಇವೆಲ್ಲ ನಮ್ಮ ಮಾವನವರ ಮರಗಳು, ಒಂದೊಂದರ ಹತ್ತಿರವೂ ಸ್ವತಃ ನಡೆದು ಹೋಗಿ ಹಾಕಿದ್ದು. ಸಾಹೇಬರು ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದರು.

ಕಳೆದ ಮುಂಗಾರಿನಲ್ಲಿ ಹಳೇ ಕಂಪ್ಯೂಟರ್ ಹೊಗೆ ಬಿಟ್ಟು ಸತ್ತಿತು. ಹೊಸದಕ್ಕೆ ಆ ಸಿಡಿ ಒಗ್ಗಲಿಲ್ಲ, ಏನೋ ಹೊಸ ನಂಬರು ಕೇಳಿತು. ಅತೀಕ್ ಕಂಪನಿಗೆ ಬರೆದ. ಈ ಆವೃತ್ತಿಗೆ ನಾವು ಬೆಂಬಲ ನಿಲ್ಲಿಸಿದ್ದೇವೆ, ನಂಬರು ಕೊಡಲಾಗದು, ಹೊಸದನ್ನು ಕೊಳ್ಳಿ ಎಂದು ಉತ್ತರ ಬಂತು. ಸಾಹೇಬರಿಗೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂದಿತ್ತು. ಆ ನಿದ್ದೆಯನ್ನು ನೆನೆದರೆ ಈಗಲೂ ನಾಚಿಕೆ. "ಬಿಡಪ್ಪ, ಹೋಗ್ಲಿ" ಎಂದಿದ್ದರು. ಆ ಮಾತನ್ನು ಅಳಿಯ ಸಂಕಟ ಎಂದು ಓದಿಕೊಂಡ. ಎಂಟು ವರ್ಷದ ನಡಿಗೆಯೆಲ್ಲ ನನ್ನ ಕೈಯಲ್ಲಿ ಹಾಳಾಯಿತು ಎಂದು ಅಸ್ರಾಳ ಎದುರು ಕೂತು ಕಣ್ಣೀರು ಹಾಕಿದನಂತೆ. ಆಮೇಲೆ ಶುರುವಾಯಿತು ಅವನ ಹಟ: ಪತ್ರದ ಮೇಲೆ ಪತ್ರ, ಬೆಂಗಳೂರಿಗೆ ಹತ್ತಾರು ಓಡಾಟ. ಕೊನೆಗೆ ಮೊನ್ನೆ ಹೊಸ ಆವೃತ್ತಿ ಬಂತು, ಹಳೇ ಕಡತವೂ ಅದರೊಳಕ್ಕೆ ಇಳಿಯಿತು. ಹೊಸದರಲ್ಲಿ ಬಿಳಿ ಜಾಗವೇ ಇಲ್ಲವಂತೆ, ಓಣಿ, ಕೆರೆ, ಗುಡಿ, ಪೆಟ್ರೋಲ್ ಬಂಕು ಎಲ್ಲ ಇವೆಯಂತೆ. "ಮಾಮು ಬರೋವರೆಗೂ ತೆರೆಯೋದಿಲ್ಲ" ಎಂದು ಹೇಳಿಕಳಿಸಿದ್ದ. ಕೆಂಗಲ್ಲಿನ ಕಲ್ಲಿನ ಮೇಲೆ ಕೂತು ಹಚ್ಚಿಕೊಂಡಿದ್ದ ಬೀಡಿ ಆರಿಸಿ ಸಾಹೇಬರು ಮೊಪೆಡ್ ಹತ್ತಿದರು.

ಕೈಲಾಂಚದ ಆಚೆ ಬೋರಲಿಂಗಯ್ಯನ ಹಿಪ್ಪುನೇರಳೆ ತೋಟಕ್ಕೆ ಬಂದಾಗ ಇನ್ನೂ ಇಬ್ಬನಿ ಆರಿರಲಿಲ್ಲ. ಯಾರೂ ಕಾಣಲಿಲ್ಲ. ಬದುವಿನ ಕೊನೆಯಲ್ಲಿ ಅವರ ಆಲೆ ಮರ ನಿಂತಿತ್ತು, ಹನ್ನೊಂದು ವರ್ಷದ್ದು, ಮೊದಲ ಕೊಂಬೆಯ ತನಕ ನೆಟ್ಟಗೆ. ಸಾಹೇಬರು ಯಂತ್ರ ತೆಗೆದು ಚಾಲೂ ಮಾಡಿದರು. ಅದರ ಪುಟ್ಟ ಪರದೆಯಲ್ಲಿ ಉಪಗ್ರಹಗಳು ಒಂದೊಂದಾಗಿ ಹತ್ತಿಕೊಂಡವು: ಎರಡು, ಮೂರು. ನಾಲ್ಕಾದರೆ ಆಯಿತು. ಕಳ್ಳತನಕ್ಕೆ ಬಂದವನಂತೆ ಹಿಂದೆ ಮುಂದೆ ನೋಡಿದರು, ಅದೂ ತಮ್ಮದೇ ಮರದ ಹತ್ತಿರ.

"ಏನ್ಲಾ ಸಮದು, ವೊತ್ತಾರೆಗೇ ಬಂದ್ಬುಟ್ಟಿದ್ದೀಯಾ?" ಬೋರಲಿಂಗಯ್ಯ ಸೊಪ್ಪಿನ ಸಾಲಿನಿಂದ ಎದ್ದು ನಿಂತಿದ್ದ, ಕಂಕುಳಲ್ಲಿ ಕೊಯ್ದ ಕಡ್ಡಿಯ ಹೊರೆ. "ಮರ ಬಲೀಬೇಕಾದ್ರೆ ಇನ್ನೂ ಎಲ್ಡ್ ವರ್ಸ ಐತೆ ಕಣ್ಲಾ."

"ಸುಮ್ನೆ ನೋಡ್ಕಂಡು ಹೋಗಾನ ಅಂತ ಬಂದೆ."

"ಕೈಲೇನ್ಲಾ ಅದು?"

"ಮೊಬೈಲು."

"ಅಷ್ಟು ದಪ್ಪದ್ದಾ?" ಬೋರಲಿಂಗಯ್ಯ ಹತ್ತಿರ ಬಂದು ನೋಡಿದ. ನೋಡಿ, ಹೊರೆಯನ್ನು ನಿಧಾನವಾಗಿ ಕೆಳಗಿಳಿಸಿದ. "ಹೋದ್ ವಾರ ವೆಂಕಟಯ್ಯನ ಹೊಲ್ದಲ್ಲಿ ಇಂಥದೇ ಹಿಡ್ಕಂಡು ಇಬ್ರು ನಿಂತಿದ್ರು. ಫ್ಯಾಕ್ಟ್ರಿ ಬತ್ತದಂತೆ. ಆವತ್ತಿಂದ ಅವ್ನು ಸರಿಯಾಗಿ ಉಂಡಿಲ್ಲ." ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನೀನ್ ಹಿಡ್ಕಂಡ್ರೆ ನಂಗೇನ್ ಭಯ ಇಲ್ಲ ಬುಡು. ಅದೇನ್ ಒತ್ತಬೇಕೋ ಒತ್ಕೋ" ಎಂದ.

ಹಾಗೆಂದವನ ಕೈ ಹೋಗಿ ಮರದ ಮೇಲೆ ಕೂತಿತು. ಅವನಿಗೆ ಗೊತ್ತಿಲ್ಲದೆಯೇ ಹೋಯಿತು ಆ ಕೈ, ಸಾಹೇಬರು ಅದನ್ನೇ ನೋಡಿದರು. ಪರದೆಯಲ್ಲಿ ನಾಲ್ಕನೆಯ ಉಪಗ್ರಹವೂ ಹತ್ತಿಕೊಂಡಿತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಯಾರಿಗೇನು ನಷ್ಟ? ಈ ಯಂತ್ರ ಯಾವ ಕಾರ್ಖಾನೆಗೂ ಹೇಳುವುದಿಲ್ಲ, ಅದನ್ನು ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟಿದೆ. ಆದರೂ ಇವತ್ತು ಒತ್ತಿದರೆ ಬೋರಲಿಂಗಯ್ಯ ಆಗಲಿ ಎಂದು ಕೊಟ್ಟ ಮಾತಿನ ಮೇಲೆ ತಾವು ಮೊಳೆ ಹೊಡೆದ ಹಾಗೆ. ಈಚೆಗೆ ಅಳಿಯ, ಆಚೆಗೆ ಗೆಳೆಯ, ಇಬ್ಬರೂ ತಮ್ಮನ್ನು ನಂಬಿಕೊಂಡು ನಿಂತಿದ್ದಾರೆ, ಇಬ್ಬರಿಗೂ ತಾವು ಮೋಸಗಾರರು ಎಂದು ಸಾಹೇಬರಿಗೆ ಅನ್ನಿಸಿತು. ಯಂತ್ರ ಆರಿಸಿ ಚೀಲಕ್ಕೆ ಹಾಕಿದರು. ಬೋರಲಿಂಗಯ್ಯ ಮರದಿಂದ ಕೈ ತೆಗೆದ. ಪಕ್ಕದ ಸಾಲಿನಿಂದ ಅವರೆಕಾಯಿ ಬಿಡಿಸಿ ಟವೆಲ್ಲಿನ ತುಂಬ ಕಟ್ಟಿ, "ಮಗೀಗೆ ಕೊಡು, ಒಸಿ ಸೊಗಡೈತೆ" ಎಂದು ಮೊಪೆಡ್ಡಿನ ಹ್ಯಾಂಡಲಿಗೆ ತಗುಲಿಹಾಕಿದ. ಮಗು ಎಂದರೆ ಅಸ್ರಾ, ಮೂವತ್ತಕ್ಕೆ ಬಂದವಳು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಚನ್ನಪಟ್ಟಣದ ಪೋಸ್ಟಾಫೀಸ್ ರಸ್ತೆಗೆ ಬಂದರು. ಅಂಗಡಿಯೊಳಗೆ ಬೊಂಬೆ ಕಾರ್ಖಾನೆಯ ಜಯಕುಮಾರ್ ಆಗಲೇ ಕುರ್ಚಿ ಹಿಡಿದಿದ್ದ. ಸಾಹೇಬರು ತಂದ ಮರವನ್ನು ಇಪ್ಪತ್ತು ವರ್ಷದಿಂದ ಲೇತಿಗೆ ಹಾಕುತ್ತಿರುವವನು. ಮಾವನ ಮರಗಳನ್ನು ನೋಡಲೆಂದು ಅತೀಕನೇ ಕರೆಸಿದ್ದ. ಮನೆಯಲ್ಲಿ ಉರ್ದು ಆಡುವ ಅಳಿಯ ಅಂಗಡಿಯಲ್ಲಿ ಎಲ್ಲರೆದುರು ಕನ್ನಡವನ್ನೇ ಆಡುತ್ತಿದ್ದ. "ಬನ್ನಿ ಮಾಮು, ನಿಮಗೇ ಕಾಯ್ತಾ ಇದ್ವಿ" ಎಂದು ಎದ್ದು, ತನ್ನ ಕುರ್ಚಿ ಅವರಿಗೆ ಬಿಟ್ಟು, ತಾನು ನಿಂತೇ ಮೌಸ್ ಹಿಡಿದ. ಹೊಸ ಷರ್ಟು ಹಾಕಿದ್ದ. ಸಾಹೇಬರಿಗೆ ಆ ಷರ್ಟನ್ನು ನೋಡಲಾಗಲಿಲ್ಲ. ಅತೀಕ್ ಒಬ್ಬನೇ ಸಿಕ್ಕರೆ ಮೊದಲೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಜಯಕುಮಾರನ ದೊಡ್ಡ ಹೊಟ್ಟೆಯನ್ನು ಕಂಡು ವಾಪಸು ಇಳಿದುಹೋಯಿತು.

ನಕ್ಷೆ ತೆರೆದುಕೊಂಡಿತು. ಎಂಟು ವರ್ಷ ಬಿಳಿಯಾಗಿದ್ದ ಜಾಗದಲ್ಲಿ ಮೊದಲು ಕಣ್ವ ಕೆರೆ ನೀಲಿಯಾಗಿ ಬಂತು, ಆಮೇಲೆ ಹಳ್ಳಿಯ ರಸ್ತೆಗಳು, ಊರುಗಳ ಹೆಸರು, ತಾವು ಜೀವಮಾನವಿಡೀ ಸುತ್ತಿದ ಮೂಲೆಗಳೆಲ್ಲ. ಎಷ್ಟು ಚೆನ್ನಾಗಿದೆ ಎಂದು ಸಾಹೇಬರು ಒಂದು ಗಳಿಗೆ ಎಲ್ಲ ಮರೆತು ನೋಡಿದರು. ಅಷ್ಟರಲ್ಲಿ ಹಸಿರು ಚುಕ್ಕಿಗಳು ಉದುರತೊಡಗಿದವು.

"ಇದು ಕೆಂಗಲ್ ಅಲ್ವೇನಪ್ಪ?" ಜಯಕುಮಾರ್ ಮುಂದಕ್ಕೆ ಬಾಗಿದ. "ದೇವಸ್ಥಾನದ ಮುಂದೆ ಆಲೆ ಮರ ಎಲ್ಲೈತೆ? ನಾನ್ ವಾರ ವಾರ ಹೋಯ್ತೀನಿ. ಇದ್ಯಾವ್ದು? ಮಾಗಡಿ ಬಸ್‌ಸ್ಟ್ಯಾಂಡು! ಲೇ, ಬಸ್‌ಸ್ಟ್ಯಾಂಡ್ ಒಳಗೆ ಏಳು ಮರ!" ಅವನು ಕೆಮ್ಮು ಬರುವವರೆಗೆ ನಕ್ಕ.

ಅತೀಕನ ಕಿವಿ ಕೆಂಪಗಾಯಿತು. ಮೌಸ್ ಹಿಡಿದ ಕೈ ನಿಂತಿತು. ಅವನು ಮಾವನ ಕಡೆ ತಿರುಗಲಿಲ್ಲ. "ಸಾಫ್ಟ್‌ವೇರ್ ತೊಂದ್ರೆ ಜಯಣ್ಣ" ಎಂದ. "ಹಳೇ ಚುಕ್ಕಿ ಹೊಸ ನಕ್ಷೇಲಿ ಸರಿಯಾಗಿ ಕೂರ್ತಾ ಇಲ್ಲ, ಎಲ್ಲಾ ಒಂದೆರಡು ಮೈಲಿ ಜರುಗಿಬಿಟ್ಟಿವೆ. ಕಂಪನಿಯೋರು ಹಳೇದಕ್ಕೆ ಸಪೋರ್ಟ್ ನಿಲ್ಸಿದ್ರೆ ಹಿಂಗೇ ಆಗೋದು."

"ಹಾಳಾದ್ ಕಂಪನಿ! ಅಷ್ಟು ದೂರ ನಡೆದೋರ ಶ್ರಮ ಏನಾಗ್ಬೇಕು?" ಎಂದು ಜಯಕುಮಾರ್ ಸಾಹೇಬರ ಬೆನ್ನು ತಟ್ಟಿ, ಲೇತಿನ ಮೇಲೆ ಕೆಲಸ ಬಿಟ್ಟು ಬಂದಿದ್ದೇನೆಂದು ಎದ್ದು ಹೋದ.

ಅಳಿಯ ಸಾಫ್ಟ್‌ವೇರಿನ ಮಾತನ್ನು ನಂಬಿ ಹೇಳಿದನೋ, ತಮ್ಮ ಮಾನ ಮುಚ್ಚಲು ಹೇಳಿದನೋ ಸಾಹೇಬರಿಗೆ ತಿಳಿಯಲಿಲ್ಲ. ಸುಮ್ಮನಿದ್ದುಬಿಟ್ಟರೆ ಮುಗಿಯಿತು, ತಪ್ಪೆಲ್ಲ ಸಮುದ್ರದಾಚೆಯ ಕಂಪನಿಯದು. ನಾಳೆಯಿಂದ ಈ ಹುಡುಗ ಮತ್ತೆ ಪತ್ರ ಬರೆಯಲು ಕೂರುತ್ತಾನೆ, ಚುಕ್ಕಿಗಳನ್ನು ಸರಿಯಾದ ಜಾಗಕ್ಕೆ ತರಲು ಇನ್ನೊಂದು ಆರು ತಿಂಗಳು ಬೆಂಗಳೂರಿಗೆ ಓಡಾಡುತ್ತಾನೆ.

"ಕಂಪನಿದೇನೂ ತಪ್ಪಿಲ್ಲ ಅತೀಕ್" ಎಂದರು ಸಾಹೇಬರು. "ಚುಕ್ಕಿಗಳು ಇರಬೇಕಾದ ಕಡೇನೇ ಇವೆ."

ಆಮೇಲೆ ಎಲ್ಲವನ್ನೂ ಹೇಳಿದರು. ಚಿಕ್ಕಲಕ್ಷ್ಮಮ್ಮನ ಮಜ್ಜಿಗೆ, ಬೋರಲಿಂಗಯ್ಯನ ಕೈ, ಟೀ ಅಂಗಡಿಯ ಬೆಂಚು. ಮದುವೆಗೆ ಮುಂಚೆ ತಾವು ಆಡಿದ ಮಾತನ್ನೂ, ಅದು ಅವನಿಗೆ ಕೇಳಿಸಿತ್ತೆಂದು ತಮಗೆ ಗೊತ್ತಿತ್ತೆಂಬುದನ್ನೂ ಹೇಳಿದರು. ಇದರಲ್ಲಿ ಮರ ಅಂತ ಒಂದೂ ಇಲ್ಲ ಎಂದರು. ಮಾತು ಮುಗಿದ ಮೇಲೆ ನೆಲ ನೋಡುತ್ತ ಕೂತರು. ಅತೀಕ್ ಮೌಸಿನ ಗಾಲಿ ತಿರುಗಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅಳಿಸುತ್ತಿದ್ದಾನೆ ಎಂದುಕೊಂಡರು ಸಾಹೇಬರು, ಅಳಿಸಲಿ.

"ಮಾಮು, ಇಲ್ಲಿ ನೂರಾ ಆರು ಇವೆ" ಎಂದ ಅತೀಕ್. ದನಿ ಬೇರೆಯಾಗಿತ್ತು. "ಹಳೇ ನಕ್ಷೇಲಿ ಇದನ್ನ ನೋಡಿ, ಊರ ಪಕ್ಕ ಎಲ್ಲೋ ಒಂದು ತೋಪೇ ಇರ್ಬೇಕು ಅಂದ್ಕೊಂಡಿದ್ದೆ."

ಸಾಹೇಬರು ತಲೆ ಎತ್ತಿದರು. ಪರದೆಯ ಮೇಲೆ ಪೋಸ್ಟಾಫೀಸ್ ರಸ್ತೆ ಇತ್ತು, ರಸ್ತೆಯ ಈ ಕೊನೆಯಲ್ಲಿ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಹಸಿರು ಒತ್ತಾಗಿ ಕಪ್ಪಾಗಿತ್ತು. ಎದುರಿಗಿನ ಲೈಟ್ ಕಂಬ. ಅಂಗಡಿಯ ಬಾಗಿಲಿನಿಂದ ಹದಿನೈದು ಹೆಜ್ಜೆ. ಅಲ್ಲಿ ಒತ್ತಿದ್ದನ್ನು ಅವರು ಯಾವತ್ತೂ ಎಣಿಸಿರಲಿಲ್ಲ, ಅದೊಂದು ಜಾಗವೆಂದೇ ಅವರ ನೆನಪಿನಲ್ಲಿರಲಿಲ್ಲ.

ಅತೀಕ್ ಒಂದೊಂದರ ಮೇಲೂ ಒತ್ತಿ ಓದಿದ. ಯಂತ್ರ ಹೊತ್ತನ್ನೂ ಬರೆದುಕೊಳ್ಳುತ್ತದೆಂದು ಸಾಹೇಬರಿಗೆ ಗೊತ್ತಿರಲಿಲ್ಲ. "ಎರಡು ಸಾವಿರದ ಮೂರು, ಮಾರ್ಚಿ ಏಳು. ಹತ್ತು ಗಂಟೆ ಐದು ನಿಮಿಷ. ಹತ್ತು ಹನ್ನೊಂದು. ಹತ್ತು ಇಪ್ಪತ್ತೆಂಟು. ಏಪ್ರಿಲ್ ನಾಲ್ಕು. ಹತ್ತು ಗಂಟೆ. ಹತ್ತು ಇಪ್ಪತ್ತು." ಅವನು ಓದುವುದನ್ನು ನಿಲ್ಲಿಸಿದ. "ಎಲ್ಲಾ ಮೊದಲ ಶುಕ್ರವಾರಾನೇ. ಅರ್ಧರ್ಧ ಗಂಟೆ ಅಲ್ಲೇ ನಿಂತಿದೀರಲ್ಲ ಮಾಮು. ಏಪ್ರಿಲ್ ಬಿಸಿಲಲ್ಲಿ."

"ಬರೀ ಕೈಯಲ್ಲಿ ನಿನ್ನ ಮುಂದೆ ಬರೋಕೆ ಮುಖ ಇರಲಿಲ್ಲಪ್ಪ. ನಾಲ್ಕು ಚುಕ್ಕಿಯಾದ್ರೂ ಇರಲಿ ಅಂತ ಒತ್ತುತ್ತಾ ನಿಲ್ತಿದ್ದೆ."

ಅತೀಕ್ ಮೌಸ್ ಬಿಟ್ಟು, ಅಂಗಡಿಯಲ್ಲಿ ಯಾವತ್ತೂ ಆಡದ ಮನೆಯ ಭಾಷೆಯಲ್ಲಿ, ಮಾವನ ಕೈ ಹಿಡಿದುಕೊಂಡು ಹೇಳಿದ:

"ಇನ್ನು ಮೇಲೆ ನೇರ ಒಳಗೆ ಬನ್ನಿ ಮಾಮು. ಕಂಬದ ಹತ್ತಿರ ನಿಲ್ಲಬೇಡಿ."